ಕೊಳದಿಂದ ಹಾರಿಹೋದ ಬಾತುಗಳು: ಸರ್ ಪೀಟರ್ ಸ್ಕಾಟ್ ಅವರ ಜೀವನ

ಕಳೆದ ಜನವರಿಯಲ್ಲಿ ನಮ್ಮ ಕಾಲೇಜಿನ ಇಕೋ ಕ್ಲಬ್‌ನವರು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿದ್ದೆವು. ಫಜರ್ ನಮಾಜ್ ಮುಗಿಸಿ ಬಸ್ ಹತ್ತಿದವರು ಕೆರೆಯ ದಡ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಪಟ್ಟೆತಲೆ ಹೆಬ್ಬಾತುಗಳು ಹೊಲಗಳಿಂದ ಗುಂಪು ಗುಂಪಾಗಿ ಮರಳಿ ನೀರಿಗಿಳಿಯುತ್ತಿದ್ದವು. ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳವು. ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತೆಂದು ನಮ್ಮ ಜೀವಶಾಸ್ತ್ರದ ಸರ್ ತಿಳಿಸಿದರು. ರಾಮ್ಸರ್ ಎಂಬುದು ಇರಾನಿನ ಒಂದು ಊರು. ಜೌಗು ನೆಲ ಮತ್ತು ಕೆರೆಗಳನ್ನು ಉಳಿಸಲು 1971ರಲ್ಲಿ ಅಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಅದರ ಹಿಂದೆ ದುಡಿದವರಲ್ಲಿ ಪೀಟರ್ ಸ್ಕಾಟ್ ಎಂಬ ಇಂಗ್ಲಿಷ್ ಚಿತ್ರಕಾರರೂ ಒಬ್ಬರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಸರ್ ಬಳಿ ಬೇರೊಂದು ವಿಷಯ ಕೇಳಿದೆ. ನಮ್ಮ ಮನೆಯ ಅಕ್ವೇರಿಯಂನಲ್ಲಿ ಒಂದು ಟ್ಯಾಂಕ್ ಕ್ಲೀನರ್ ಮೀನು ಇದೆ. ತರುವಾಗ ಬೆರಳಿನಷ್ಟಿತ್ತು, ಈಗ ನನ್ನ ಅಂಗೈಗಿಂತ ಉದ್ದವಾಗಿದೆ. ಗಾಜಿನ ತೊಟ್ಟಿಯಲ್ಲಿ ತಿರುಗಲೂ ಜಾಗವಿಲ್ಲ. ಪಾಪ, ಅದನ್ನು ನಮ್ಮೂರ ಕೆರೆಗೆ ಬಿಟ್ಟುಬಿಡೋಣ, ಸುಖವಾಗಿ ಬದುಕಲಿ, ಸವಾಬೂ ಸಿಗುತ್ತದೆ ಎಂದು ನಾನೂ ತಂಗಿಯೂ ತೀರ್ಮಾನಿಸಿದ್ದೆವು. ಸರ್ ಬೇಡವೆಂದರು. ಕಾರಣ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಪೀಟರ್ ಸ್ಕಾಟ್ ಅವರ ಜೀವನ ಓದಿ ನಮ್ಮ ವಾರ್ತಾಪತ್ರಿಕೆಗೆ ಬರೆದುಕೊಡು, ಕಾರಣ ಅದರಲ್ಲೇ ಸಿಗುತ್ತದೆ ಎಂದರು. ಹೀಗೆ ಈ ಲೇಖನ ಹುಟ್ಟಿತು.

ಪೀಟರ್ ಸ್ಕಾಟ್ 1909ರ ಸೆಪ್ಟೆಂಬರ್ 14ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಕ್ಯಾಪ್ಟನ್ ರಾಬರ್ಟ್ ಫಾಲ್ಕನ್ ಸ್ಕಾಟ್, ದಕ್ಷಿಣ ಧ್ರುವಕ್ಕೆ ಹೋದ ಸಾಹಸಿ. ತಾಯಿ ಕ್ಯಾಥ್ಲೀನ್, ಹೆಸರಾಂತ ಶಿಲ್ಪಿ. ಮಗ ಹಸುಗೂಸಾಗಿದ್ದಾಗಲೇ ತಂದೆ ಹಡಗು ಹತ್ತಿದರು. 1912ರ ಜನವರಿಯಲ್ಲಿ ಅವರ ತಂಡ ಧ್ರುವವನ್ನು ತಲುಪಿತು. ಆದರೆ ನಾರ್ವೆಯ ಅಮುಂಡ್ಸೆನ್ ಅಲ್ಲಿಗೆ ಮೊದಲೇ ಮುಟ್ಟಿದ್ದರು. ಮರಳುವ ದಾರಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಸ್ಕಾಟ್ ಮತ್ತು ಸಂಗಡಿಗರು ಡೇರೆಯಲ್ಲೇ ಪ್ರಾಣಬಿಟ್ಟರು. ಸಾಯುವ ಮುನ್ನ ಹೆಂಡತಿಗೆ ಬರೆದ ಪತ್ರದಲ್ಲಿ ಅವರು, ಸಾಧ್ಯವಾದರೆ ಮಗನಲ್ಲಿ ಪ್ರಕೃತಿಯ ಬಗ್ಗೆ ಆಸಕ್ತಿ ಬೆಳೆಸಬೇಕು, ಅದು ಆಟೋಟಕ್ಕಿಂತ ಮೇಲು ಎಂಬ ಆಸೆ ತಿಳಿಸಿದ್ದರು. ಆಗ ಪೀಟರ್‌ಗೆ ಎರಡೂವರೆ ವರ್ಷ. ತಂದೆಯ ಮುಖ ನೆನಪಿಲ್ಲದ ಆ ಮಗುವಿಗೆ ತಂದೆಯಿಂದ ಬಂದ ಆಸ್ತಿ ಎಂದರೆ ಆ ಒಂದು ಸಾಲು.

ತಾಯಿ ಆ ಮಾತನ್ನು ಉಳಿಸಿದರು. ಹುಳು, ಹಲ್ಲಿ, ಹಕ್ಕಿಗಳ ನಡುವೆ ಹುಡುಗ ಬೆಳೆದ. ಔಂಡಲ್ ಶಾಲೆ ಮುಗಿಸಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದಾಗ ಆಯ್ದುಕೊಂಡದ್ದು ವಿಜ್ಞಾನ. ಆದರೆ ಮನಸ್ಸು ಬಣ್ಣದ ಕಡೆ ಎಳೆಯಿತು. ಕೊನೆಗೆ 1931ರಲ್ಲಿ ಕಲೆಯ ಇತಿಹಾಸದಲ್ಲಿ ಪದವಿ ಪಡೆದರು. ಮ್ಯೂನಿಕ್‌ನಲ್ಲಿಯೂ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿಯೂ ಚಿತ್ರಕಲೆ ಕಲಿತರು. ವಿಜ್ಞಾನ ತೆಗೆದುಕೊಂಡು ಆಮೇಲೆ ಕಲಾ ವಿಭಾಗಕ್ಕೆ ಹೋದರೆ ಬದುಕು ಹಾಳಾಯಿತೆಂದು ನಮ್ಮ ಮನೆಗಳಲ್ಲಿ ಈಗಲೂ ಹೆದರುತ್ತಾರೆ. ಅಂಥವರಿಗೆ ಈ ಸಂಗತಿ ಹೇಳಬಹುದು.

ಇನ್ನೊಂದು ಸಂಗತಿ ಓದಿದಾಗ ನನಗೆ ಆಶ್ಚರ್ಯವಾಯಿತು. ಹಕ್ಕಿಗಳನ್ನು ಉಳಿಸಿದ ಈ ಮನುಷ್ಯ ಯೌವನದಲ್ಲಿ ದೊಡ್ಡ ಬೇಟೆಗಾರರಾಗಿದ್ದರು. ಚಳಿಗಾಲದಲ್ಲಿ ಇಂಗ್ಲೆಂಡಿನ ಕರಾವಳಿಯ ಕೆಸರು ಬಯಲಿಗೆ ಇಳಿಯುವ ಕಾಡು ಹೆಬ್ಬಾತುಗಳನ್ನು ರಾತ್ರಿಯಿಡೀ ಕಾದು ಕುಳಿತು ಹೊಡೆಯುತ್ತಿದ್ದರು. ಸಮುದ್ರದಂಚಿನ ಒಂದು ಹಳೆಯ ದೀಪಸ್ತಂಭವನ್ನೇ ಮನೆ ಮಾಡಿಕೊಂಡು ಅಲ್ಲಿ ಅವೇ ಹಕ್ಕಿಗಳ ಚಿತ್ರ ಬರೆಯುತ್ತಿದ್ದರು. ಆ ಚಿತ್ರಗಳು ಅವರಿಗೆ ಹಣವನ್ನೂ ಹೆಸರನ್ನೂ ತಂದವು. ಒಮ್ಮೆ ಅವರ ತಂಡದ ಗುಂಡು ತಗುಲಿದ ಒಂದು ಹೆಬ್ಬಾತು ಯಾರೂ ಹೋಗಲಾಗದ ಕೆಸರಿನಲ್ಲಿ ಬಿದ್ದಿತು. ಮಾರನೆಯ ದಿನವೂ ಅದು ಜೀವಂತ ಅಲ್ಲೇ ಕುಳಿತಿತ್ತು. ಆ ನೋಟ ಅವರ ಮನಸ್ಸಿನಿಂದ ಅಳಿಯಲಿಲ್ಲ. ಮುಂದೆ ಅವರು ಬಂದೂಕನ್ನು ಪೂರ್ತಿ ಬಿಟ್ಟರು.

ಅವರು ಕೈ ಹಾಕದ ಕ್ಷೇತ್ರವಿರಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಶೌರ್ಯ ಪದಕ ಪಡೆದರು. ಹಡಗುಗಳು ಶತ್ರುವಿನ ಕಣ್ಣಿಗೆ ಬೀಳದಂತೆ ಬಣ್ಣ ಹಚ್ಚುವ ಕ್ರಮ ರೂಪಿಸುವುದರಲ್ಲಿ ಅವರ ಚಿತ್ರಕಾರನ ಕಣ್ಣು ನೆರವಾಯಿತು. 1963ರಲ್ಲಿ ಗ್ಲೈಡರ್ ಹಾರಾಟದಲ್ಲಿ ಬ್ರಿಟನ್ನಿನ ಚಾಂಪಿಯನ್ ಆದರು. ಬಿಬಿಸಿ ದೂರದರ್ಶನದಲ್ಲಿ ವನ್ಯಜೀವಿಗಳ ಕಾರ್ಯಕ್ರಮ ನಡೆಸಿಕೊಟ್ಟು ಮನೆಮನೆಗೂ ಪರಿಚಿತರಾದರು. ಆದರೂ ಅವರ ನಿಜವಾದ ಕೆಲಸ ಆರಂಭವಾದದ್ದು ಯುದ್ಧ ಮುಗಿದ ಮೇಲೆ.

1945ರ ಡಿಸೆಂಬರಿನಲ್ಲಿ ಅವರು ಸೆವರ್ನ್ ನದಿಯ ದಡದ ಸ್ಲಿಂಬ್ರಿಜ್ ಎಂಬ ಹಳ್ಳಿಗೆ ಹೆಬ್ಬಾತು ನೋಡಲು ಹೋದರು. ಸಾವಿರಾರು ಹಕ್ಕಿಗಳ ನಡುವೆ ಒಂದು ಅಪರೂಪದ ಜಾತಿ ಅವರ ಕಣ್ಣಿಗೆ ಬಿತ್ತು. ಅಂಥ ಹಕ್ಕಿ ಬರುವ ಜಾಗದಲ್ಲಿ ಒಂದು ಸಂಸ್ಥೆ ಇರಬೇಕೆಂದು ಅಲ್ಲೇ ನಿಶ್ಚಯಿಸಿದರು. 1946ರಲ್ಲಿ ಅವರು ಹುಟ್ಟುಹಾಕಿದ ಸಂಸ್ಥೆಯೇ ಇಂದಿನ ವೈಲ್ಡ್‌ಫೌಲ್ ಅಂಡ್ ವೆಟ್‌ಲ್ಯಾಂಡ್ಸ್ ಟ್ರಸ್ಟ್. ಅಲ್ಲಿ ಮೂರು ಕೆಲಸ ನಡೆಯುತ್ತಿತ್ತು. ಕಾಡು ಹಕ್ಕಿಗಳ ಅಧ್ಯಯನ ಒಂದು. ಲೋಕದ ನಾನಾ ಭಾಗಗಳ ಬಾತು, ಹೆಬ್ಬಾತು, ಹಂಸಗಳನ್ನು ತಂದು ಕೊಳಗಳಲ್ಲಿ ಸಾಕಿ ಮರಿ ಮಾಡಿಸುವುದು ಇನ್ನೊಂದು. ಸಾಮಾನ್ಯ ಜನ ಬಂದು ಹಕ್ಕಿಗಳನ್ನು ಹತ್ತಿರದಿಂದ ನೋಡಿ ಪ್ರೀತಿಸುವಂತೆ ಮಾಡುವುದು ಮೂರನೆಯದು.

ಎರಡನೆಯ ಕೆಲಸದ ಒಳ್ಳೆಯ ಫಲಕ್ಕೆ ಹವಾಯಿಯ ನೇನೆ ಹೆಬ್ಬಾತು ಸಾಕ್ಷಿ. ಒಂದು ಕಾಲದಲ್ಲಿ ಆ ದ್ವೀಪಗಳಲ್ಲಿ ಸಾವಿರಗಟ್ಟಲೆ ಇದ್ದ ಈ ಹಕ್ಕಿ 1950ರ ಸುಮಾರಿಗೆ ಕೇವಲ 30ರಷ್ಟು ಉಳಿದಿತ್ತು. ಬೇಟೆ ಒಂದು ಕಾರಣವಾಗಿತ್ತು. ಹೊರಗಿನಿಂದ ತಂದ ಪ್ರಾಣಿಗಳು ಇನ್ನೊಂದು ಕಾರಣ. ಕಬ್ಬಿನ ತೋಟದ ಇಲಿ ಹಿಡಿಯಲೆಂದು 1883ರಲ್ಲಿ ಹವಾಯಿಗೆ ಮುಂಗುಸಿಗಳನ್ನು ತಂದು ಬಿಟ್ಟಿದ್ದರು. ಅವು ನೆಲದ ಮೇಲೆ ಗೂಡು ಕಟ್ಟುವ ನೇನೆಯ ಮೊಟ್ಟೆ ಮರಿಗಳಿಗೆ ಬಾಯಿ ಹಾಕಿದವು. ಪೀಟರ್ ಸ್ಕಾಟ್ 1950ರಲ್ಲಿ ಒಂದು ಜೋಡಿ ನೇನೆಯನ್ನು ಸ್ಲಿಂಬ್ರಿಜ್‌ಗೆ ತರಿಸಿದರು. ಸ್ವಲ್ಪ ದಿನಗಳಲ್ಲಿ ಎರಡೂ ಮೊಟ್ಟೆ ಇಟ್ಟವು! ಎರಡೂ ಹೆಣ್ಣೆಂದು ಗೊತ್ತಾಗಿ, ವಿಮಾನದಲ್ಲಿ ಒಂದು ಗಂಡನ್ನು ತರಿಸಬೇಕಾಯಿತು. 1952ರಲ್ಲಿ ಮೊದಲ ಮರಿಗಳು ಬಂದವು. ಹತ್ತು ವರ್ಷ ಕಳೆದು, 1962ರಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ಸುಮಾರು 30 ಹಕ್ಕಿಗಳನ್ನು ಹವಾಯಿಯ ಮಾವಿ ದ್ವೀಪಕ್ಕೆ ಮರಳಿಸಿದರು. ಇಂದು ಅಲ್ಲಿ ನೇನೆ ಮತ್ತೆ ಸಾವಿರಗಳ ಲೆಕ್ಕದಲ್ಲಿದೆ.

ಅದೇ ಕೊಳಗಳಿಂದ ಇನ್ನೊಂದು ಕಥೆಯೂ ಹುಟ್ಟಿತು. ಸರ್ ನನಗೆ ಓದಿಸಬೇಕೆಂದಿದ್ದುದು ಇದನ್ನೇ.

ಸ್ಲಿಂಬ್ರಿಜ್‌ನ ಸಂಗ್ರಹಕ್ಕೆ 1948ರಲ್ಲಿ ಉತ್ತರ ಅಮೆರಿಕದಿಂದ ರಡ್ಡಿ ಡಕ್ ಎಂಬ ಸಣ್ಣ ಬಾತುಗಳು ಬಂದವು. ಬೆರಳೆಣಿಕೆಯಷ್ಟು, ಹತ್ತಕ್ಕೂ ಕಡಿಮೆ. ಗಂಡಿಗೆ ಇಟ್ಟಿಗೆಗೆಂಪು ಮೈ, ಬಿಳಿ ಕೆನ್ನೆ, ತಿಳಿ ನೀಲಿ ಕೊಕ್ಕು, ಸೆಟೆದು ನಿಲ್ಲುವ ಬಾಲ. ನೋಡಲು ಮುದ್ದಾದ ಹಕ್ಕಿ. ಮುಂದಿನ ವರ್ಷದಿಂದಲೇ ಮರಿ ಮಾಡತೊಡಗಿದವು. ಸಂಗ್ರಹದ ಹಕ್ಕಿಗಳು ಹಾರಿಹೋಗದಂತೆ, ಮರಿಯಾಗಿದ್ದಾಗಲೇ ಒಂದು ರೆಕ್ಕೆಯ ತುದಿಯನ್ನು ಕತ್ತರಿಸುವುದು ರೂಢಿ. ಆದರೆ ರಡ್ಡಿ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಸಾಕುವುದು ಕಷ್ಟವಿತ್ತು. ಹೀಗಾಗಿ ಅವನ್ನು ಕೊಳದಲ್ಲೇ ತಾಯಿಯ ಜೊತೆ ಬಿಡುತ್ತಿದ್ದರು. ಮುಳುಗುವುದರಲ್ಲಿ ಜಾಣರಾದ ಆ ಮರಿಗಳಲ್ಲಿ ಕೆಲವು ಸಮಯಕ್ಕೆ ಸರಿಯಾಗಿ ಕೈಗೆ ಸಿಗಲಿಲ್ಲ. ರೆಕ್ಕೆ ಬಲಿತೊಡನೆ ಹಾರಿಹೋದವು. 1950ರ ದಶಕದಿಂದ 1970ರ ದಶಕದ ಆರಂಭದವರೆಗೆ ಹೀಗೆ ಸುಮಾರು 70 ಹಕ್ಕಿಗಳು ತಪ್ಪಿಸಿಕೊಂಡವೆಂದು ಅಂದಾಜು. 1960ರಲ್ಲಿ ಅವು ಹತ್ತಿರದ ಚ್ಯೂ ವ್ಯಾಲಿ ಜಲಾಶಯದಲ್ಲಿ ಸ್ವತಂತ್ರವಾಗಿ ಮರಿ ಮಾಡಿದವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇಂಗ್ಲೆಂಡಿನ ಹಕ್ಕಿಪ್ರಿಯರು ಹೊಸ ಹಕ್ಕಿ ಬಂತೆಂದು ಸಂತೋಷಪಟ್ಟರು. 2000ದ ಹೊತ್ತಿಗೆ ಬ್ರಿಟನ್ನಿನಲ್ಲಿ ಅವುಗಳ ಸಂಖ್ಯೆ ಸುಮಾರು 6,000ಕ್ಕೆ ಏರಿತ್ತು.

ಈಗ ಸ್ಪೇನ್ ದೇಶಕ್ಕೆ ಬರೋಣ. ನಾವು ಇತಿಹಾಸದಲ್ಲಿ ಕುರ್ತುಬಾ ಎಂದು ಕೇಳಿರುವ ಕಾರ್ಡೋಬಾ ಪ್ರಾಂತ್ಯದಲ್ಲಿ ಸೊನ್ಯಾರ್ ಎಂಬ ಸರೋವರವಿದೆ. ಅಲ್ಲಿ ಬಿಳಿತಲೆ ಬಾತು ಎಂಬ ಹಕ್ಕಿ ವಾಸಿಸುತ್ತದೆ. ಇದು ರಡ್ಡಿ ಡಕ್‌ನ ದೂರದ ಸೋದರ. ಇದಕ್ಕೂ ನೀಲಿ ಕೊಕ್ಕು, ಸೆಟೆದ ಬಾಲ. ಸ್ಪೇನಿನಿಂದ ಟರ್ಕಿ, ಮಧ್ಯ ಏಷ್ಯಾದವರೆಗೆ ಅಲ್ಲಲ್ಲಿ ಇರುವ ಈ ಹಕ್ಕಿ ಬೇಟೆಯಿಂದಲೂ ಜೌಗು ನೆಲ ಬತ್ತಿಸಿದ್ದರಿಂದಲೂ ಕ್ಷೀಣಿಸಿತ್ತು. 1977ರಲ್ಲಿ ಇಡೀ ಸ್ಪೇನಿನಲ್ಲಿ ಉಳಿದಿದ್ದುದು 22 ಮಾತ್ರ. ಸ್ಥಳೀಯ ಹಕ್ಕಿಪ್ರಿಯರು ಬೇಟೆ ನಿಲ್ಲಿಸಿದರು, ಸರೋವರಗಳನ್ನು ಕಾಪಾಡಿದರು. ಮುಂದಿನ ವರ್ಷಗಳಲ್ಲಿ ಸಂಖ್ಯೆ ನೂರುಗಳ ಲೆಕ್ಕಕ್ಕೆ ಏರಿತು. ಯುರೋಪಿನ ಸಂರಕ್ಷಣೆಯ ದೊಡ್ಡ ಗೆಲುವುಗಳಲ್ಲಿ ಇದೂ ಒಂದು.

ಅದೇ ವರ್ಷಗಳಲ್ಲಿ ಬ್ರಿಟನ್ನಿನ ರಡ್ಡಿ ಡಕ್‌ಗಳು ಚಳಿಗಾಲದಲ್ಲಿ ದಕ್ಷಿಣಕ್ಕೆ ಹಾರುವುದನ್ನು ಕಲಿತವು. 1980ರ ದಶಕದ ಮೊದಲ ಭಾಗದಲ್ಲಿ ಸ್ಪೇನಿನಲ್ಲಿ ಕಾಣಿಸಿಕೊಂಡವು. 1991ರಲ್ಲಿ ಎರಡು ಜಾತಿಗಳ ಮಿಶ್ರತಳಿ ಹಕ್ಕಿಗಳು ಮೊದಲ ಬಾರಿಗೆ ಪತ್ತೆಯಾದವು.

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಜೀವವೈವಿಧ್ಯ ಪಾಠದಲ್ಲಿ ಅನ್ಯದೇಶೀಯ ಪ್ರಭೇದಗಳ ದಾಳಿಯ ಬಗ್ಗೆ ಓದುತ್ತೇವೆ. ವಿಕ್ಟೋರಿಯಾ ಸರೋವರಕ್ಕೆ ಬಿಟ್ಟ ನೈಲ್ ಪರ್ಚ್ ಮೀನು ಅಲ್ಲಿನ 200ಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ಮುಗಿಸಿತೆಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಅದು ತಿಂದು ಮುಗಿಸುವ ದಾಳಿ. ರಡ್ಡಿ ಡಕ್ ಬಿಳಿತಲೆ ಬಾತನ್ನು ತಿನ್ನಲಿಲ್ಲ, ಅದರ ಆಹಾರ ಕಸಿದದ್ದೂ ಮುಖ್ಯ ಕಾರಣವಲ್ಲ. ಅದು ಕೂಡಿಕೊಂಡಿತು. ಕುದುರೆ ಮತ್ತು ಕತ್ತೆ ಕೂಡಿದರೆ ಹುಟ್ಟುವ ಹೇಸರಗತ್ತೆ ಬಂಜೆ, ಅಲ್ಲಿಗೆ ಆ ಕವಲು ನಿಲ್ಲುತ್ತದೆ. ಇಲ್ಲಿ ಹಾಗಾಗಲಿಲ್ಲ. ಅಟ್ಲಾಂಟಿಕ್ ಸಾಗರ ಅಡ್ಡವಿದ್ದುದರಿಂದ ಈ ಎರಡು ಬಾತುಗಳು ಬಹಳ ಕಾಲ ಬೇರೆಯಾಗಿದ್ದವು. ಆದರೂ ಅವುಗಳ ಮಿಶ್ರ ಮರಿಗಳಿಗೆ ಸಂತಾನಶಕ್ತಿ ಇತ್ತು. ಅವು ಮತ್ತೆ ಬಿಳಿತಲೆ ಬಾತುಗಳೊಡನೆ ಕೂಡಿ ಮರಿ ಮಾಡಬಲ್ಲವು. ರಡ್ಡಿ ಗಂಡುಗಳು ಹೆಣ್ಣನ್ನು ಒಲಿಸುವುದರಲ್ಲಿ ಹೆಚ್ಚು ಜೋರು. ಸಾವಿರಾರು ರಡ್ಡಿಗಳು ಕೆಲವು ನೂರು ಬಿಳಿತಲೆಗಳ ನಡುವೆ ಬಂದು ನೆಲೆಸಿದರೆ, ತಲೆಮಾರಿನಿಂದ ತಲೆಮಾರಿಗೆ ವಂಶವಾಹಿಗಳು ಕಲಬೆರಕೆಯಾಗುತ್ತಾ ಹೋಗುತ್ತವೆ. ಕೆರೆಯಲ್ಲಿ ಬಾತುಗಳು ಈಜುತ್ತಲೇ ಇರುತ್ತವೆ, ಬಿಳಿತಲೆ ಬಾತು ಎಂಬ ಜಾತಿ ಮಾತ್ರ ಸದ್ದಿಲ್ಲದೆ ಇಲ್ಲವಾಗುತ್ತದೆ. ಮುಂದೆ ನಡೆದ ಡಿಎನ್‌ಎ ಅಧ್ಯಯನವೂ ಯುರೋಪಿನ ರಡ್ಡಿಗಳು ಅಮೆರಿಕದಿಂದ ತಾವಾಗಿ ಹಾರಿ ಬಂದವಲ್ಲ, ಸಾಕಿದ ಹಕ್ಕಿಗಳ ಸಂತತಿಯೇ ಎಂದು ತೋರಿಸಿತು.

ಉಳಿದ ದಾರಿ ಒಂದೇ ಆಗಿತ್ತು. ಸ್ಪೇನಿನಲ್ಲಿ ರಡ್ಡಿಗಳನ್ನೂ ಮಿಶ್ರತಳಿಗಳನ್ನೂ ಗುಂಡಿಟ್ಟು ಕೊಲ್ಲತೊಡಗಿದರು. ಆದರೆ ಮೂಲ ಬ್ರಿಟನ್ನಿನಲ್ಲಿತ್ತು. ಅಲ್ಲಿ 1990ರ ದಶಕದಲ್ಲಿ ಪ್ರಯೋಗಗಳು ನಡೆದು, 2005ರಿಂದ ದೇಶದಾದ್ಯಂತ ನಿರ್ಮೂಲನೆಯ ಕೆಲಸ ಆರಂಭವಾಯಿತು. 6,000 ಇದ್ದ ಹಕ್ಕಿ ಕೆಲವೇ ವರ್ಷಗಳಲ್ಲಿ 100ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಬಹಳ ಹಣ ಖರ್ಚಾಯಿತು, ಬಹಳ ಜಗಳವೂ ಆಯಿತು. ಹಕ್ಕಿಯ ತಪ್ಪೇನು, ಮನುಷ್ಯನ ತಪ್ಪಿಗೆ ಅದೇಕೆ ಸಾಯಬೇಕು ಎಂದು ಅನೇಕ ಹಕ್ಕಿಪ್ರಿಯರು ಕೇಳಿದರು. ಆ ಪ್ರಶ್ನೆಯಲ್ಲಿ ನ್ಯಾಯವಿದೆ ಎಂದು ನನಗೂ ಅನಿಸುತ್ತದೆ. ಆದರೆ ಅಮೆರಿಕದಲ್ಲಿ ರಡ್ಡಿ ಡಕ್ ಲಕ್ಷಗಟ್ಟಲೆ ಇದೆ. ಬಿಳಿತಲೆ ಬಾತು ಲೋಕದಲ್ಲೇ ಅಳಿವಿನಂಚಿನಲ್ಲಿದೆ. ಕೊಲ್ಲದೆ ಬಿಟ್ಟರೂ ಒಂದು ಹಕ್ಕಿ ಸಾಯುತ್ತಿತ್ತು, ಅದೂ ಪೂರ್ತಿ ಜಾತಿಯಾಗಿ.

ಈ ನಿರ್ಮೂಲನೆಯನ್ನು ಬೆಂಬಲಿಸಿದ ಸಂಸ್ಥೆಗಳಲ್ಲಿ ಪೀಟರ್ ಸ್ಕಾಟ್ ಅವರ ಟ್ರಸ್ಟ್ ಕೂಡ ಇತ್ತು. ಬಾತು ಹೊಡೆಯುವುದನ್ನು ಬಿಟ್ಟು ಬಾತು ಉಳಿಸಲು ನಿಂತ ಮನುಷ್ಯನ ಸಂಸ್ಥೆ, ತನ್ನದೇ ಕೊಳದಿಂದ ಹಾರಿಹೋದ ಬಾತುಗಳ ಸಂತತಿಯನ್ನು ಹೊಡೆಯಬೇಕೆಂದು ಒಪ್ಪಬೇಕಾಯಿತು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಪೀಟರ್ ಸ್ಕಾಟ್ ಇದನ್ನು ನೋಡಲಿಲ್ಲ. ಅವರು 1989ರ ಆಗಸ್ಟ್ 29ರಂದು, 80 ತುಂಬಲು ಎರಡು ವಾರ ಇರುವಾಗ ತೀರಿಕೊಂಡರು. ಮಿಶ್ರತಳಿ ಪತ್ತೆಯಾದದ್ದು ಅದಾದ ಎರಡು ವರ್ಷಕ್ಕೆ. ಅಷ್ಟರಲ್ಲಿ ಅವರು ಮಾಡಿದ ಕೆಲಸ ಕಡಿಮೆಯದಲ್ಲ. 1961ರಲ್ಲಿ ವಿಶ್ವ ವನ್ಯಜೀವಿ ನಿಧಿಯನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ನಾವೆಲ್ಲ ಗುರುತಿಸುವ ಅದರ ಪಾಂಡಾ ಚಿಹ್ನೆಗೆ ರೂಪ ಕೊಟ್ಟದ್ದು ಅವರ ಕೈ. 1963ರಿಂದ 1980ರವರೆಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದಲ್ಲಿ ಅಪಾಯದಲ್ಲಿರುವ ಜೀವಿಗಳ ಆಯೋಗದ ಅಧ್ಯಕ್ಷರಾಗಿದ್ದರು. ನಮ್ಮ ಪಾಠದಲ್ಲಿ ಬರುವ ಕೆಂಪು ಪಟ್ಟಿ ಅವರ ಕಾಲದ ಕೆಂಪು ದತ್ತಾಂಶ ಪುಸ್ತಕಗಳಿಂದ ಬೆಳೆದದ್ದು. ಬಿಳಿತಲೆ ಬಾತಿನ ಹೆಸರು ಇಂದು ಅದೇ ಪಟ್ಟಿಯಲ್ಲಿದೆ. ಪ್ರಕೃತಿ ಸಂರಕ್ಷಣೆಗಾಗಿ ಸರ್ ಪದವಿ ಪಡೆದವರಲ್ಲಿ ಅವರೇ ಮೊದಲಿಗರು, ಅದು 1973ರಲ್ಲಿ. ರಾಮ್ಸರ್ ಒಪ್ಪಂದಕ್ಕೆ ಭಾರತ 1982ರಲ್ಲಿ ಸೇರಿತು. ನಮ್ಮ ರಾಜ್ಯದ ರಂಗನತಿಟ್ಟು 2022ರಲ್ಲಿ ಆ ಪಟ್ಟಿಗೆ ಬಂತು. 1940ರಲ್ಲಿ ಆ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಲು ಮೈಸೂರು ಮಹಾರಾಜರ ಮನವೊಲಿಸಿದವರು ನಮ್ಮ ಡಾ. ಸಲೀಂ ಅಲಿ ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಇಷ್ಟನ್ನೆಲ್ಲ ಓದಿ ನಾನು ಸರ್ ಬಳಿ ಹೋದೆ. ಪೀಟರ್ ಸ್ಕಾಟ್ ದೊಡ್ಡವರೇ, ಅಥವಾ ತಪ್ಪು ಮಾಡಿದವರೇ ಎಂದು ಕೇಳಿದೆ. ಎರಡನ್ನೂ ಬರೆ, ಯಾವುದನ್ನೂ ಮುಚ್ಚಿಡಬೇಡ ಎಂದರು. ಒಂದು ಮಾತನ್ನು ನಾನು ಯೋಚಿಸಿ ಬರೆಯುತ್ತಿದ್ದೇನೆ. ಹವಾಯಿಯಲ್ಲಿ ಮುಂಗುಸಿ ಏನು ಮಾಡಿತೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ಕಡಿಮೆ. ಆದರೂ ತಮ್ಮ ಅಂಗಳದ ಮುದ್ದಾದ ಬಾತು ದೂರದ ದೇಶದಲ್ಲಿ ಹಾಗೆ ಮಾಡಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಪರರ ಮುಂಗುಸಿ ಕಂಡಷ್ಟು ಸುಲಭವಾಗಿ ನಮ್ಮ ಬಾತು ನಮಗೆ ಕಾಣುವುದಿಲ್ಲ.

ಒಳ್ಳೆಯ ನಿಯತ್ತಿನಿಂದ ಮಾಡಿದ ಕೆಲಸಕ್ಕೆ ಬೆಲೆಯಿದೆ ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಅದರ ಜೊತೆಗೇ ಅಮಾನತ್ ಎಂಬ ಮಾತನ್ನೂ ಕಲಿತಿದ್ದೇವೆ. ಇನ್ನೊಬ್ಬರು ನಂಬಿ ನಮ್ಮ ಕೈಗೆ ಕೊಟ್ಟದ್ದನ್ನು ಕೆಡದಂತೆ ಕಾಯುವುದು ಅಮಾನತ್. ಈ ಭೂಮಿ, ಈ ಕೆರೆ ಅಂಥದೇ ಅಮಾನತ್ ಎಂದು ದೀನಿಯಾತ್ ತರಗತಿಯಲ್ಲಿ ಹಜ್ರತ್ ಹೇಳುತ್ತಾರೆ. ಅಮಾನತ್ ಕಾಯಲು ನಿಯತ್ತು ಬೇಕು, ಅದರ ಜೊತೆ ತಿಳಿವಳಿಕೆಯೂ ಬೇಕು. ತಪ್ಪಾದದ್ದು ಗೊತ್ತಾದಾಗ ಸರಿಪಡಿಸುವ ಧೈರ್ಯವೂ ಬೇಕು. ಪೀಟರ್ ಸ್ಕಾಟ್ ಕಟ್ಟಿದ ಸಂಸ್ಥೆಗೆ ಆ ಧೈರ್ಯವಿತ್ತು. ತಮ್ಮ ಸ್ಥಾಪಕರ ಕೊಳದಿಂದಲೇ ಆದದ್ದೆಂದು ಅವರು ಬಚ್ಚಿಡಲಿಲ್ಲ.

ನನ್ನ ಮೀನಿನ ವಿಷಯ ಹೇಳಿ ಮುಗಿಸುತ್ತೇನೆ. ದಕ್ಷಿಣ ಅಮೆರಿಕದ ಆ ಮೀನು ಈಗಾಗಲೇ ನಮ್ಮ ದೇಶದ ಅನೇಕ ಕೆರೆ ನದಿಗಳಲ್ಲಿ ಸೇರಿಕೊಂಡಿದೆ. ಅದರ ಗಟ್ಟಿ ಮುಳ್ಳುಗಳಿಗೆ ಸಿಕ್ಕಿ ಮೀನುಗಾರರ ಬಲೆ ಹರಿಯುತ್ತದೆ, ಅದು ದಡದಲ್ಲಿ ಬಿಲ ತೋಡುತ್ತದೆ. ಅಲ್ಲಿಗೆ ಅದು ತಾನಾಗಿ ಬಂದದ್ದಲ್ಲ. ನನ್ನಂತೆಯೇ ಪಾಪ ಎಂದುಕೊಂಡ ಯಾರೋ ಬಿಟ್ಟದ್ದೂ ಅದರಲ್ಲಿ ಇರಬೇಕು. ಅಬ್ಬಾ ಹಿತ್ತಲಿನಲ್ಲಿದ್ದ ಹಳೆಯ ಸಿಮೆಂಟ್ ತೊಟ್ಟಿಯನ್ನು ತೊಳೆಸಿಕೊಟ್ಟರು. ಮಳೆ ಬಂದು ತುಂಬಿ ಹರಿದರೂ ಮೀನು ಹೊರಗೆ ಹೋಗದಂತೆ ಮೇಲೆ ಜಾಲರಿ ಹಾಕಿದ್ದೇವೆ. ಪ್ರತಿ ಭಾನುವಾರ ನೀರು ಬದಲಿಸುವುದು ನನ್ನ ಪಾಳಿ. ಆ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕಬಹುದಂತೆ. ಅಂದರೆ ನಾನು ಡಿಗ್ರಿ ಮುಗಿಸಿದ ಮೇಲೂ ಈ ಪಾಳಿ ಇರುತ್ತದೆ. ನಾನೇ ತಂದದ್ದು, ನಾನೇ ನೋಡಿಕೊಳ್ಳಬೇಕು.

ನಿಮ್ಮ ಮನೆಯಲ್ಲೂ ಸಾಕಲಾಗದ ಮೀನು, ಆಮೆ, ಹಕ್ಕಿ ಇದ್ದರೆ ಕೆರೆಯ ದಾರಿ ಹಿಡಿಯುವ ಮುನ್ನ ಒಮ್ಮೆ ಜೀವಶಾಸ್ತ್ರ ವಿಭಾಗಕ್ಕೆ ಬನ್ನಿ. ಸರ್ ಬೇಡವೆನ್ನುತ್ತಾರೆ. ಲೇಖನ ಬರೆಯಲು ಹೇಳಿದರೂ ಹೇಳಬಹುದು.